ಬಾರ್ಸಿಲೋನಾದಿಂದ ಲಿಸ್ಬನ್‌ಗೆ ಎಷ್ಟು ಹೊತ್ತು

ನನ್ನ ತಂಗಿಯ ಮಗಳು ಜೆನಿಶಾ ಅಬುಧಾಬಿಯ ಒಂದು ಟ್ರಾವೆಲ್ ಆಫೀಸಿಗೆ ಸೇರಿದ್ದಾಳೆ. ಸೇರಿದ ವಾರವೇ ಫೋನ್ ಮಾಡಿ, "ಆಂಟಿ, ಎರಡು ಊರಿನ ಹೆಸರು ಹಾಕಿದ್ರೆ ದೂರ, ಹೊತ್ತು, ಎಲ್ಲಾ ಕಂಪ್ಯೂಟರೇ ಹೇಳ್ತದೆ. ನೀವು ಅಷ್ಟು ವರ್ಷ ಟಿಕೆಟ್ ಆಫೀಸಲ್ಲಿ ಕೂತು ಎಂತ ಮಾಡ್ತಿದ್ರಿ?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದು. ನಾನೂ ನಕ್ಕೆ. ಆದರೆ ಮೀನು ಹೆಚ್ಚುತ್ತಾ ಅದನ್ನೇ ಯೋಚಿಸಿದೆ. ನಾವು ನಿಜಕ್ಕೂ ಎಂತ ಮಾಡುತ್ತಿದ್ದೆವು?

ಈಗ ನಾನು ಅಡುಗೆಮನೆ, ಇಗರ್ಜಿ ಎಂದುಕೊಂಡು ಇರುವ ಹೆಂಗಸು. ಗಂಡನಿಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮಿನಲ್ಲಿ ಇನ್ನೂ ಕೆಲಸ ಉಂಟು, ಆದ್ದರಿಂದ ನನಗೂ ಇಲ್ಲಿ ವೀಸಾ ಉಂಟು. ಮೊಣಕಾಲು ನೋಯುತ್ತದೆ, ಆದರೆ ತೇರ್ಸಕ್ಕೆ, ಸಂಜೆಯ ಜಪಮಾಲೆ ಪ್ರಾರ್ಥನೆಗೆ, ಊರುವಷ್ಟು ಬಗ್ಗುತ್ತದೆ. ದೇವರು ಕೊಟ್ಟದ್ದನ್ನು ಹೀಗೆ ಸಣ್ಣ ಸಣ್ಣದಾಗಿ ಎಣಿಸುವುದು ನನ್ನ ಅಮ್ಮನ ಅಭ್ಯಾಸ, ನನಗೂ ಬಂದಿದೆ. ಜೆನಿಶಾಳಂತೆ ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎನ್ನುವುದರಲ್ಲಿ ಯಾರಿಗೂ ಏನೂ ಇಲ್ಲ. ಒಂದು ಫೋನ್ ಕರೆಯ ಕಥೆ ಉಂಟು, ಅದನ್ನು ಹೇಳಬೇಕು.

ನಮ್ಮದು ದುಬೈಯ ಅಲ್ ನಹ್ದಾದಲ್ಲಿ ಒಂದು ಸಣ್ಣ ಆಫೀಸು. ಒಂದು ಕಡೆ ಕ್ಷೌರದ ಅಂಗಡಿ, ಇನ್ನೊಂದು ಕಡೆ ಚಹಾದ ಅಂಗಡಿ. ನಡುವೆ ಗಾಜಿನ ಬಾಗಿಲು, ಮೂರು ಮೇಜು. ಮ್ಯಾನೇಜರ್ ಮೆನೆಜಸ್ ಸರ್ ಗೋವಾದವರು. ಗದರಿಸುತ್ತಿದ್ದರು, ಗದರಿಸಿದ ಮೇಲೆ ಚಹಾ ತರಿಸುತ್ತಿದ್ದರು. ನಮ್ಮ ಮುಖ್ಯ ಗಿರಾಕಿಗಳು ಹಡಗಿನವರು. ಮಂಗಳೂರು, ಗೋವಾದ ಹುಡುಗರು ಯುರೋಪಿನ ಪ್ರವಾಸಿ ಹಡಗುಗಳಲ್ಲಿ ಅಡುಗೆಯವರಾಗಿ, ಕೋಣೆ ಗುಡಿಸುವವರಾಗಿ ಹೋಗುತ್ತಾರಲ್ಲ, ಅವರು. ಹಡಗು ಒಂದು ಊರಿನಲ್ಲಿ ಇಳಿಸುತ್ತದೆ, ಇನ್ನೊಂದು ಹಡಗು ಇನ್ನೊಂದು ಊರಿನಲ್ಲಿ ಹತ್ತಿಸುತ್ತದೆ. ನಡುವಿನ ವಿಮಾನ ನಮ್ಮ ಕೆಲಸ.

ನಾನು ಸೇರುವಾಗ ಕಂಪ್ಯೂಟರಿನಲ್ಲಿ ಹಸಿರು ಅಕ್ಷರ, ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ವೇಳಾಪಟ್ಟಿ. ಟಿಕೆಟ್ ಎಂದರೆ ಕೆಂಪು ಕಾರ್ಬನ್ ಇರುವ ಪುಸ್ತಕ. ಬೆರಳು ಕೆಂಪಾಗಿಯೇ ಪೂಜೆಗೆ ಹೋಗುತ್ತಿದ್ದೆವು. ಮೊದಲ ದಿನ ಮೆನೆಜಸ್ ಸರ್ ವೇಳಾಪಟ್ಟಿ ಬಿಡಿಸಿ ಬಾರ್ಸಿಲೋನಾ–ಲಿಸ್ಬನ್ ಸಾಲು ತೋರಿಸಿದರು.

"ಎಷ್ಟು ಹೊತ್ತಿನ ಪ್ರಯಾಣ ಬಾಯಿ?" ನಮ್ಮ ಕೊಂಕಣಿಯವರಲ್ಲಿ ಹೆಂಗಸರನ್ನು ಮರ್ಯಾದೆಗೆ ಹಾಗೆ ಕರೆಯುವುದು.

ಹೊರಡುವುದು ಎರಡಕ್ಕೆ, ತಲುಪುವುದು ಮೂರಕ್ಕೆ. "ಒಂದು ಗಂಟೆ ಸರ್," ಅಂದೆ.

"ವಾಪಸ್?"

ಹೊರಡುವುದು ನಾಲ್ಕಕ್ಕೆ, ತಲುಪುವುದು ಏಳಕ್ಕೆ. "ಮೂರು ಗಂಟೆ."

"ಹೋಗುವಾಗ ಇಳಿಜಾರು, ಬರುವಾಗ ಗುಡ್ಡವಾ?" ಎಂದು ನಕ್ಕರು. "ಸಾವಿರ ಕಿಲೋಮೀಟರು. ಹೋಗುವಾಗಲೂ ಎರಡು ಗಂಟೆ, ಬರುವಾಗಲೂ ಎರಡು ಗಂಟೆ. ಲಿಸ್ಬನ್ ಗಡಿಯಾರ ಒಂದು ಗಂಟೆ ಹಿಂದೆ. ಪುಸ್ತಕದಲ್ಲಿ ಬರೆಯುವುದು ಆಯಾ ಊರಿನ ಗಡಿಯಾರ. ಅದಕ್ಕೇ ಯಾರೇ ಕೇಳಲಿ, ಎರಡನ್ನೂ ಹೇಳಬೇಕು. ಗಡಿಯಾರದ ಹೊತ್ತು ಎಷ್ಟು, ಕೂತ ಹೊತ್ತು ಎಷ್ಟು."

ಅದು ನಮ್ಮ ಆಫೀಸಿನ ಪಾಠವಾಯಿತು. ಗಡಿಯಾರದ ಹೊತ್ತು ಒಂದು, ಕೂತ ಹೊತ್ತು ಎರಡು. ಗಿರಾಕಿಗಳು "ಮತ್ತೆ ಉಳಿದ ಒಂದು ಗಂಟೆ ಎಲ್ಲಿ ಹೋಯ್ತು?" ಎಂದು ಕೇಳುತ್ತಿದ್ದರು. ಅದಕ್ಕೂ ಸರ್ ಒಂದು ತಮಾಷೆಯ ಉತ್ತರ ಇಟ್ಟಿದ್ದರು: "ಎಲ್ಲಿಗೂ ಹೋಗ್ಲಿಲ್ಲ, ಬರುವಾಗ ವಾಪಸ್ ಸಿಗ್ತದೆ." ಎಲ್ಲರೂ ನಗುತ್ತಿದ್ದರು, ನಾವೂ ಅದನ್ನೇ ಹೇಳುತ್ತಿದ್ದೆವು.

ಪಾಠ ಮರೆತವರೂ ಇದ್ದರು. ಕಾಪು ಕಡೆಯ ಶೈಲಾ ಹೊಸದಾಗಿ ಸೇರಿದಾಗ ಅಬುಧಾಬಿ ಕಡೆಯ ಮುಸಫ್ಫಾದ ಒಬ್ಬ ಇಂಜಿನಿಯರಿಗೆ ಕೂತ ಹೊತ್ತು ಮಾತ್ರ ಹೇಳಿಬಿಟ್ಟಳು. ಅವನು ಲಿಸ್ಬನ್‌ನಿಂದ ಬಾರ್ಸಿಲೋನಾಕ್ಕೆ ಬಂದು ಇಳಿಯುವಷ್ಟರಲ್ಲಿ ದುಬೈಯ ವಿಮಾನ ಬಾಗಿಲು ಹಾಕಿತ್ತು. ಮರುವಾರ ಬಂದು ಮೇಜು ಗುದ್ದಿದ. "ಮೇಡಂ, ಒಂದು ಗಂಟೆ ಎಲ್ಲಿ ನುಂಗಿದ್ರಿ?" ಶೈಲಾ ಅಳುತ್ತಾ ಹಿಂದಿನ ಕೋಣೆಗೆ ಓಡಿದಳು. ಮೆನೆಜಸ್ ಸರ್ ಗದರಿಸಿದರು, ಚಹಾ ತರಿಸಿದರು.

ಇನ್ನೊಂದು ಬಗೆಯ ಪ್ರಯಾಣಿಕರೂ ನಮ್ಮಲ್ಲಿಗೆ ಬರುತ್ತಿದ್ದರು. ಪೆಟ್ಟಿಗೆಯಲ್ಲಿ ಊರಿಗೆ ಹೋಗುವವರು. ಸಾಮಾನಿನ ವಿಭಾಗದವರಿಗೆ ಫೋನ್ ಮಾಡಬೇಕು, ತೂಕ ಹೇಳಬೇಕು. ಮೊದಲ ಸಲ ಅಭ್ಯಾಸಬಲದಿಂದ ಸತ್ತವನ ತಮ್ಮನಿಗೆ ನಾನು ಗಡಿಯಾರದ ಹೊತ್ತು, ಕೂತ ಹೊತ್ತು ಎರಡನ್ನೂ ಹೇಳತೊಡಗಿದೆ. ಮೆನೆಜಸ್ ಸರ್ ಹಿಂದಿನಿಂದ ಬಂದು ಮೆಲ್ಲಗೆ, "ಬಾಯಿ, ಅವನಿಗೆ ದೂರ ಮಾತ್ರ. ಹೊತ್ತು ಇಲ್ಲ," ಅಂದರು. ಏಸಿಯ ಗಾಳಿಗೆ ಬೆನ್ನು ತಣ್ಣಗಾದದ್ದೋ, ಮಾತಿಗೋ, ಇವತ್ತಿಗೂ ಗೊತ್ತಿಲ್ಲ.

ನಾನು ಕೆಲಸ ಬಿಡುವ ಮುಂಚಿನ ವರ್ಷಗಳಲ್ಲಿ ಗಿರಾಕಿಗಳು ಕಡಿಮೆಯಾದರು. ಎಲ್ಲರ ಕೈಯಲ್ಲೂ ಮೊಬೈಲು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಶಟರ್ ಅರ್ಧ ಎಳೆದು ಒಳಗೇ ಊಟ ಮಾಡಿ ಕೂರುತ್ತಿದ್ದೆವು. ಬೇಸಗೆಯ ಆ ಹೊತ್ತಿನಲ್ಲಿ ರಸ್ತೆಯಲ್ಲಿ ನೆರಳೂ ಓಡಾಡುವುದಿಲ್ಲ. ಅಂಥ ಒಂದು ಗುರುವಾರ ಆಫೀಸಿನ ಫೋನ್ ಬಡಿಯಿತು.

"ಬಾರ್ಸಿಲೋನಾದಿಂದ ಲಿಸ್ಬನ್‌ಗೆ ಎಷ್ಟು ಹೊತ್ತು?"

ಹೆಂಗಸಿನ ದನಿ, ವಯಸ್ಸಾದದ್ದು. ನಮ್ಮ ಕಡೆಯ ಕೊಂಕಣಿ. ಹಲೋ ಇಲ್ಲ, ಹೆಸರಿಲ್ಲ.

"ಗಡಿಯಾರದ ಹೊತ್ತು ಒಂದು ಗಂಟೆ, ಕೂತ ಹೊತ್ತು ಎರಡು," ಅಂದೆ. "ಯಾವತ್ತಿಗೆ ಬೇಕು ಬಾಯಿ?"

ಆ ಕಡೆ ಯಾರೋ ಉಸಿರು ಬಿಟ್ಟಂತಾಯಿತು. "ದೇವ್ ಬರೆಂ ಕರುಂ," ದೇವರು ಒಳ್ಳೆಯದು ಮಾಡಲಿ, ಎಂದು ಫೋನ್ ಇಟ್ಟರು.

ಮುಂದಿನ ಗುರುವಾರ ಅದೇ ಹೊತ್ತು, ಅದೇ ಪ್ರಶ್ನೆ, ಅದೇ ಆಶೀರ್ವಾದ. ಅದರ ಮುಂದಿನ ಗುರುವಾರವೂ. ದನಿ ಒಂದಿಷ್ಟೂ ಬದಲಾಗುತ್ತಿರಲಿಲ್ಲ. ನಮ್ಮ ಮಾತಿನ ಹಿಂದೆ ಆ ಕಡೆಯಿಂದ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಒಂದಲ್ಲ, ಎರಡು. ಒಂದರ ಹಿಂದೆ ಇನ್ನೊಂದು, ಜೊತೆ ಸೇರದೆ.

ಶೈಲಾ ಫೋನಿನ ಹತ್ತಿರ ಕೂರುವುದನ್ನೇ ಬಿಟ್ಟಳು. "ಎವ್ಲಿನಕ್ಕ, ಅದು ಮನುಷ್ಯರ ಕರೆ ಅಲ್ಲ. ನಮ್ಮ ಊರಲ್ಲಾದ್ರೆ ಇಷ್ಟೊತ್ತಿಗೆ ದೈವದ ಪ್ರಸಾದ, ಬೂಳ್ಯ ತಂದು ಕಟ್ಟಿಸ್ತಿದ್ರು."

"ಆಫೀಸಿನ ಫೋನಿಗೆ ಬೂಳ್ಯ ಕಟ್ಟಿಸ್ತೀಯಾ ಮಾರಾಯ್ತಿ? ಎಂತ ಹೆದರಿಕೆ? ಪಾಪ, ಯಾರೋ ಮುದುಕಿ."

ಹೀಗೆ ಹೇಳಿದರೂ ಗುರುವಾರ ಊಟವಾದ ಮೇಲೆ ನನ್ನ ಕೈ ತಾನಾಗಿ ಕೊರಳಿನ ಶಿಲುಬೆಗೆ ಹೋಗುತ್ತಿತ್ತು.

ಒಂದು ಗುರುವಾರ ನಾನು ಬ್ಯಾಂಕಿಗೆ ಹೋಗಿದ್ದೆ. ಶೈಲಾಳೇ ಎತ್ತಬೇಕಾಯಿತು. ನಾನು ಬಂದಾಗ ಅವಳ ಮುಖ ಬಿಳುಚಿಕೊಂಡಿತ್ತು.

"ಇವತ್ತು ಹೆಚ್ಚು ಮಾತಾಡಿದ್ರು ಅಕ್ಕ. ಹಿಂದಿಯಲ್ಲಿ. ಉಳಿದ ಒಂದು ಗಂಟೆ ಎಲ್ಲಿ ಹೋಗ್ತದೆ ಅಂತ ಕೇಳಿದ್ರು."

"ನೀನೆಂತ ಹೇಳಿದೆ?"

"ನಾವು ಹೇಳುದೇ. ಎಲ್ಲಿಗೂ ಹೋಗ್ಲಿಲ್ಲ, ಬರುವಾಗ ವಾಪಸ್ ಸಿಗ್ತದೆ ಅಂತ. ಅವರು ನಗ್ಲಿಲ್ಲ ಅಕ್ಕ. 'ವಾಪಸ್ ಸಿಗ್ತದಾ? ನೀವು ಟಿಕೆಟಿನವರು, ನಿಮಗೆ ಗೊತ್ತಿರ್ತದೆ' ಅಂದ್ರು. ಮತ್ತೆ ಅಳ್ಲಿಕ್ಕೆ ಶುರು ಮಾಡಿದ್ರು. ಸಂತೋಷದ ಅಳು."

ಆಮೇಲೆ ಗುರುವಾರದ ಕರೆ ನಿಂತಿತು. ನಿಲ್ಲಬೇಕೆಂದು ಬೇಡಿಕೊಂಡಿದ್ದ ನಮಗೆ ನಿಂತದ್ದೇ ಹೆಚ್ಚು ಹೆದರಿಕೆಯಾಯಿತು.

ಕೆಲವು ವಾರ ಕಳೆದು ಒಬ್ಬ ಹುಡುಗಿ ಗಾಜಿನ ಬಾಗಿಲು ತಳ್ಳಿಕೊಂಡು ಬಂದಳು. ತುಂಬು ಬಸುರಿ. ಸೊಂಟಕ್ಕೆ ಕೈ ಕೊಟ್ಟು ನಿಂತೇ ಕೇಳಿದಳು: "ನನ್ನ ಮಮ್ಮಿಗೆ ಒಂದು ಗಂಟೆ ವಾಪಸ್ ಸಿಗ್ತದೆ ಅಂತ ಹೇಳಿದ್ದು ಯಾರು?"

ಶೈಲಾ ನನ್ನ ಬೆನ್ನ ಹಿಂದೆ ಸರಿದಳು. ನಾನು ಕುರ್ಚಿ ಎಳೆದು ಕೊಟ್ಟು ನೀರು ಕೊಟ್ಟೆ. ಹೆಸರು ಕ್ಯಾರಲ್. ತಾಯಿ ಸೆಲಿನ್ ಬಾಯಿ, ನಮ್ಮ ಆಫೀಸಿನಿಂದ ಎರಡು ರಸ್ತೆ ಆಚೆ ಅವರ ಫ್ಲಾಟು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಗ ರೋಶನ್ ಹಡಗಿನಲ್ಲಿ ಅಡುಗೆಯವನು. ಹೋದ ವರ್ಷ ಬೇಸಗೆಯ ಒಂದು ಗುರುವಾರ ಬಾರ್ಸಿಲೋನಾದಲ್ಲಿ ಒಂದು ಹಡಗಿನಿಂದ ಇಳಿದು, ಇನ್ನೊಂದನ್ನು ಹತ್ತಲು ಲಿಸ್ಬನ್‌ಗೆ ಹಾರಿದ. ಅಲ್ಲಿ ವಿಮಾನ ನಿಲ್ದಾಣದ ಬೆಂಚಿನ ಮೇಲೆ, ಹಡಗಿನ ವ್ಯಾನಿಗೆ ಕಾಯುತ್ತಾ ಕೂತಲ್ಲೇ ಎದೆ ನಿಂತು ತೀರಿಕೊಂಡ.

"ಸಂಜೆ ಐದಕ್ಕೆ ಅಂತ ಅಲ್ಲಿನ ಡಾಕ್ಟರ್ ಹೇಳಿದ್ದು. ಆದ್ರೆ ಮಮ್ಮಿಗೆ ಅವನ ಫೋನ್ ಬಂದದ್ದು ಐದೂವರೆಗೆ."

ನಾನು ಅವಳ ಎದುರಿಗೆ ಕುರ್ಚಿ ಎಳೆದು ಕೂತೆ.

"ಯಾವ ಗಡಿಯಾರದ ಐದೂವರೆ ಮಗಾ?" ಎಂದೆ. ಅಷ್ಟು ವರ್ಷದ ಅಭ್ಯಾಸ.

ಕ್ಯಾರಲ್ ಕಣ್ಣೊರೆಸಿಕೊಂಡಳು. "ಅದೇ ಆಂಟಿ, ಅದೇ. ನಮ್ಮ ಮನೆಯಲ್ಲಿ ಎರಡು ಗಡಿಯಾರ. ಒಂದು ದುಬೈಯದ್ದು, ಒಂದು ಅವನ ಹಡಗಿನದ್ದು."

ಹಡಗಿನವರ ಮನೆಗಳಲ್ಲಿ ಈ ಪದ್ಧತಿ ನಾನು ಬೇರೆ ಕಡೆಯೂ ಕಂಡಿದ್ದೇನೆ. ಮಗ ಯಾವ ಊರಿಗೆ ತಲುಪಿದನೋ ಆ ಊರಿನ ಹೊತ್ತಿಗೆ ಒಂದು ಗಡಿಯಾರ ತಿರುಗಿಸಿಡುವುದು. ಅವನು ಮಲಗಿದ್ದಾನೋ, ಉಂಡನೋ ಎಂದು ಅದನ್ನೇ ನೋಡಿ ತಿಳಿಯುವುದು. ರೋಶನ್ ಪ್ರತಿ ಬಂದರಿನಿಂದಲೂ ಫೋನ್ ಮಾಡಿ, "ಮಮ್ಮಿ, ಒಂದು ಗಂಟೆ ಹಿಂದೆ ಮಾಡು," "ಮುಂದೆ ಮಾಡು" ಅನ್ನುತ್ತಿದ್ದ. ತಾಯಿ ಸ್ಟೂಲು ಹತ್ತಿ ಮುಳ್ಳು ತಿರುಗಿಸುತ್ತಿದ್ದರು. ಆ ದಿನ ಮಾತ್ರ ಅವನು ಅದನ್ನು ಹೇಳಲಿಲ್ಲ. ಗಡಿಯಾರ ಬಾರ್ಸಿಲೋನಾದ ಹೊತ್ತಿನಲ್ಲೇ ಉಳಿಯಿತು.

"ಅಂದ್ರೆ ಲಿಸ್ಬನ್‌ನಲ್ಲಿ ಆಗ ನಾಲ್ಕೂವರೆ," ಶೈಲಾ ಹಿಂದಿನಿಂದ ಪಿಸುಗುಟ್ಟಿದಳು. "ಬದುಕಿದ್ದಾಗಲೇ ಮಾತಾಡಿದ್ದು."

"ನಾನು ನೂರು ಸಲ ಹೇಳಿದೆ," ಎಂದಳು ಕ್ಯಾರಲ್. "ನನ್ನ ಮಾತು ಕೇಳುದಿಲ್ಲ. ಸತ್ತ ಮೇಲೆ ಅವನು ಸ್ವರ್ಗದಿಂದ ಮಾಡಿದ್ದು, ಇನ್ನೊಮ್ಮೆ ಮಾಡ್ತಾನೆ ಅಂತ ಫೋನಿನ ಹತ್ರವೇ ಕೂತಿರ್ತಾರೆ. ಇಲ್ಲಿ ವಾಟ್ಸಾಪ್‌ನಲ್ಲಿ ಮಾತು ಹೋಗುದಿಲ್ಲ ಅಲ್ವಾ, ಅವನು ಮನೆಯ ಫೋನಿಗೇ ಮಾಡ್ತಿದ್ದದ್ದು. ನಾನು ಮದುವೆಯಾಗಿ ಮುಸಫ್ಫಾ ಕಡೆ ಹೋದೆ. ಅಲ್ಲಿಗೆ ಬಾ ಅಂದ್ರೆ, ಅಬುಧಾಬಿಗೆ ಈ ನಂಬರ್ ಬರುದಿಲ್ಲ ಅಂತಾರೆ. ಹೋದ ಸಲ ನನ್ನ ಮಗು ಉಳೀಲಿಲ್ಲ ಆಂಟಿ. ಆಗ್ಲೂ ಬರ್ಲಿಲ್ಲ. ಈಗ ದಿನ ತುಂಬಿದೆ, ಗಂಡ ಸಮುದ್ರದ ಮೇಲೆ ಎಣ್ಣೆ ಬಾವಿಯ ಕೆಲಸದಲ್ಲಿ. ನಿನ್ನೆ ಕೇಳಿದ್ರೆ, 'ಟಿಕೆಟಿನವರೇ ಹೇಳಿದ್ದಾರೆ, ವಾಪಸ್ ಸಿಗ್ತದಂತೆ, ನಾನು ಹೇಗೆ ಬರ್ಲಿ?' ಅಂದ್ರು. ಐ ಆ್ಯಮ್ ಸೋ ಟಯರ್ಡ್, ಆಂಟಿ."

ಮೆನೆಜಸ್ ಸರ್ ಒಳಗಿನ ಮೇಜಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಎದ್ದು ಬಂದು, "ತಮಾಷೆ ನನ್ನದು," ಎಂದರು. "ಆದರೆ ಗಂಡಸು ಹೋಗಿ ಹೇಳುವ ಮಾತಲ್ಲ ಇದು. ಬಾಯಿ, ನೀವು ಹೋಗಿ." ಗದರಿಸಲಿಲ್ಲ, ಚಹಾವನ್ನೂ ತರಿಸಲಿಲ್ಲ.

ಮರುದಿನ ಶುಕ್ರವಾರ, ಇಲ್ಲಿಯ ವಾರದ ರಜೆ. ಪೂಜೆ ಮುಗಿಸಿ ನಾನು, ಕ್ಯಾರಲ್ ಇಬ್ಬರೂ ಸೆಲಿನ್ ಬಾಯಿಯ ಫ್ಲಾಟಿಗೆ ಹೋದೆವು. ಪರದೆ ಎಳೆದಿತ್ತು. ನಡುಹಗಲಿನಲ್ಲೂ ಕೋಣೆಯಲ್ಲಿ ನಸುಗತ್ತಲು, ಮೇಣದಬತ್ತಿಯ ವಾಸನೆ. ಗೋಡೆಯ ಮೇಲೆ ಯೇಸುವಿನ ಚಿತ್ರ. ಅದರ ಕೆಳಗೆ, ಪವಿತ್ರ ಪುಸ್ತಕ ಇಡುವ ಜಾಗದಲ್ಲಿ, ಕಸೂತಿ ಬಟ್ಟೆ ಹಾಸಿ ಫೋನ್ ಇಟ್ಟಿದ್ದರು. ಮೇಲೆ ಎರಡು ಗಡಿಯಾರ. ನಾವು ಗುರುವಾರಗಳಲ್ಲಿ ಕೇಳಿದ್ದ ಆ ಎರಡು ಟಿಕ್ ಟಿಕ್ ಅಲ್ಲಿತ್ತು, ಜೊತೆ ಸೇರದೆ.

ಸೆಲಿನ್ ಬಾಯಿ ಸಣ್ಣ ದೇಹದವರು. ತಲೆಗೆ ಎಣ್ಣೆ ಹಾಕಿ ನೀಟಾಗಿ ಬಾಚಿದ್ದರು. ನನ್ನ ದನಿ ಕೇಳಿದೊಡನೆ ಗುರುತು ಹಿಡಿದರು.

"ಎರಡು ಹೊತ್ತಿನವರು ನೀವೇ ಅಲ್ವಾ? ಬನ್ನಿ ಬಾಯಿ. ಬೇರೆ ಎಲ್ಲಿ ಕೇಳಿದ್ರೂ ಒಂದೇ ಹೊತ್ತು ಹೇಳ್ತಾರೆ. ಒಂದು ಗಂಟೆ ಉಳೀತದೆ ಅಂತ ನೀವು ಮಾತ್ರ ಹೇಳಿದ್ದು."

ಅಲ್ಲಿಗೆ ನನಗೆ ತಿಳಿಯಿತು. ಆ ಉಳಿದ ಗಂಟೆಯೊಳಗೆ ಅವರು ಮಗನನ್ನು ಇಟ್ಟಿದ್ದರು.

"ಅವನು ಎಂತ ಹೇಳಿದ ಬಾಯಿ, ಆ ದಿನ?" ಎಂದೆ.

ಅವರು ಕಣ್ಣು ಮುಚ್ಚಿ, ಜಪ ಹೇಳುವ ಹಾಗೆ, ಒಂದು ಅಕ್ಷರ ಬಿಡದೆ ಹೇಳಿದರು. "ಮಮ್ಮಿ, ತಲುಪಿದೆ. ಇಲ್ಲಿ ಎಲ್ಲಾ ಬೆಳ್ಳಗೆ ಉಂಟು, ಒಳ್ಳೆ ತಂಪು. ಸುಸ್ತು ಎಲ್ಲಾ ಹೋಯ್ತು. ಸ್ವಲ್ಪ ಕೂರ್ತೇನೆ. ಕರ್ಕೊಂಡು ಹೋಗ್ಲಿಕ್ಕೆ ಬರ್ತಾರಂತೆ."

ನನ್ನ ತೋಳಿನ ಕೂದಲು ನಿಂತಿತು. ವಿಮಾನ ನಿಲ್ದಾಣದ ಬೆಳ್ಳನೆಯ ದೀಪ, ಏಸಿ, ಹಡಗಿನ ವ್ಯಾನು. ಸತ್ತವನ ಬಾಯಲ್ಲಿ ಇಟ್ಟರೆ ಅದೇ ಮಾತು ಬೇರೆ ಯಾವುದೋ ಬಾಗಿಲಿನಿಂದ ಬರುತ್ತದೆ. ಇದನ್ನು ನಾನು ಹೇಗೆ ಕಿತ್ತುಕೊಳ್ಳಲಿ? ಮನಸ್ಸಿನಲ್ಲೇ ಒಂದು ನಮೋ ಮರಿಯೆ ಹೇಳಿಕೊಂಡೆ. ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಿಂತ ಕ್ಯಾರಲ್‌ಳನ್ನು ನೋಡಿದೆ. ಆಮೇಲೆ ಬಾಯಿ ಬಿಟ್ಟೆ.

"ಸೆಲಿನ್ ಬಾಯಿ, ಗಡಿಯಾರ ಹಿಂದೆ ಮಾಡ್ಲಿಕ್ಕೆ ಅವನು ಹೇಳ್ಲಿಲ್ಲ ಅಲ್ವಾ?"

"ಇಲ್ಲ. ಅಲ್ಲಿ ಗಡಿಯಾರ ಬೇಡ ಬಾಯಿ."

"ಬೇಡದ್ದಕ್ಕೆ ಅಲ್ಲ. ಪ್ರಯಾಣದ ಗಡಿಬಿಡಿಯಲ್ಲಿ ಮರ್ತ. ಅವನಿಗೆ ಮರ್ತದ್ದನ್ನು ನಾನು ಹೇಳ್ಲಿಕ್ಕೆ ಬಂದೆ. ಒಂದು ಗಂಟೆ ಹಿಂದೆ ಮಾಡಿ."

ಅವರು ತಲೆ ಎತ್ತಿ ಹಡಗಿನ ಗಡಿಯಾರ ನೋಡಿದರು. ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇರಲಿಲ್ಲ. ವರ್ಷಗಟ್ಟಲೆ ಬಂದರಿನಿಂದ ಬಂದರಿಗೆ ಮುಳ್ಳು ತಿರುಗಿಸಿದ ಕೈ ಅದು.

"ಹಿಂದೆ ಮಾಡಿದ್ರೆ," ಎಂದರು ಮೆಲ್ಲಗೆ, "ಅವನು ಮಾತಾಡಿ ಆದ ಮೇಲೆ ಸಾಯ್ಬೇಕಾಗ್ತದೆ. ಈಗ ಹಾಗಲ್ಲ. ಈಗ ಸತ್ತು ಆದ ಮೇಲೆ ಮಾತಾಡಿದ್ದಾನೆ."

ಕ್ಯಾರಲ್ ಅಳತೊಡಗಿದಳು. ಆಗ ನನ್ನ ಬಾಯಿಗೆ ಬಂದ ಮಾತು ನನ್ನದೆಂದು ನಾನು ಹೇಳುವುದಿಲ್ಲ. "ಬಾಯಿ, ಸತ್ತವರಿಗೆ ಮಾತಾಡ್ಲಿಕ್ಕೆ ಎಂತ ಕಷ್ಟ? ಇವನು ಎದೆ ನೋವು ಇಟ್ಕೊಂಡು, ಬದುಕಿದ್ದ ಬಾಯಲ್ಲಿ, ನಿಮಗೆ ತಲುಪಿದೆ ಅಂತ ಹೇಳಿದ್ದಾನೆ. ಇದ್ದ ಅರ್ಧ ಗಂಟೆಯನ್ನು ನಿಮಗೆ ಕೊಟ್ಟಿದ್ದಾನೆ. ಯಾವುದು ದೊಡ್ಡದು?"

ಅವರು ಎದ್ದು ಸ್ಟೂಲು ಎಳೆದರು. ಕ್ಯಾರಲ್ ಹಿಡಿಯಲು ಹೋದಳು. "ನೀನು ಬಸುರಿ, ಅಲ್ಲೇ ನಿಲ್ಲು," ಎಂದು ಗದರಿಸಿದರು. ಒಂದು ವರ್ಷದಲ್ಲಿ ಆ ಹುಡುಗಿಯ ಹೊಟ್ಟೆಯ ಬಗ್ಗೆ ಅವರು ಆಡಿದ ಮೊದಲ ಮಾತು ಅದಂತೆ. ನಾನೇ ಸ್ಟೂಲು ಹಿಡಿದೆ. ಅವರು ಹತ್ತಿ ಹಡಗಿನ ಗಡಿಯಾರವನ್ನು ಗೋಡೆಯಿಂದ ತೆಗೆದು, ಹಿಂದಿನ ತಿರುಪನ್ನು ಹೆಬ್ಬೆರಳಿನಿಂದ ತಿರುಗಿಸಿದರು. ಮುಳ್ಳು ಒಂದು ಸುತ್ತು ಹಿಂದಕ್ಕೆ ಹೋಯಿತು. ಆ ಒಂದು ಸುತ್ತಿನಲ್ಲಿ ಅವರ ಮುಖದಲ್ಲಿ ಏನೇನು ಹಾದುಹೋಯಿತೋ, ಅದನ್ನು ಬರೆಯುವ ಶಕ್ತಿ ನನಗಿಲ್ಲ. ಮತ್ತೆ ನೇತುಹಾಕಿ ಶಿಲುಬೆಯ ಗುರುತು ಮಾಡಿದರು.

ಕೆಳಗಿಳಿದು ಒಂದು ಚೀಲದಲ್ಲಿ ಎರಡು ಸೀರೆ, ಜಪಮಾಲೆ, ಮಗುವಿಗೆಂದು ಯಾವಾಗಲೋ ಹೊಲಿದಿಟ್ಟಿದ್ದ ಒಂದು ಕುಲಾಯಿ ಹಾಕಿಕೊಂಡರು. ಕುಲಾಯಿ ಕಂಡು ಕ್ಯಾರಲ್ ಗೋಡೆ ಹಿಡಿದುಕೊಂಡಳು. ಹೊಲಿದಿಟ್ಟಿದ್ದರು, ಹೇಳಿರಲಿಲ್ಲ. ಇಂಥ ಸಣ್ಣದನ್ನೇ ನಾನು ಎಣಿಸುವುದು.

ಇದರ ಮುಂದಿನದು ಸುಖದ ಮಾತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹುಡುಗಿ ಹುಟ್ಟಿದಳು, ಉಳಿದಳು. ಅಜ್ಜಿಯೇ ಎಣ್ಣೆ ಹಚ್ಚಿ ಮೀಯಿಸಿದ್ದು. ನಾನು ಕೆಲಸ ಬಿಡುವ ದಿನ ಮೂವರೂ ಆಫೀಸಿಗೆ ಬಂದಿದ್ದರು. ಮೆನೆಜಸ್ ಸರ್ ಆ ತಮಾಷೆಯನ್ನು ಮತ್ತೆ ಯಾರಿಗೂ ಹೇಳಲಿಲ್ಲ. ಜೆನಿಶಾ, ನಿನ್ನ ಕಂಪ್ಯೂಟರು ಎರಡು ಗಂಟೆ ಎಂದು ಸರಿಯಾಗಿಯೇ ಹೇಳುತ್ತದೆ. ಕೇಳಿದವರ ಮನೆಯ ಗೋಡೆಯ ಮೇಲೆ ಎಷ್ಟಾಗಿದೆ ಎಂದು ಅದು ಕೇಳುವುದಿಲ್ಲ. ನೀನು ಕೇಳು.

ಆ ಶುಕ್ರವಾರದ ಒಂದು ವಿಷಯ ಮಾತ್ರ ನಾನು ಯಾರಿಗೂ ಹೇಳಿಲ್ಲ. ಮೂವರೂ ಹೊರಗೆ ಬಂದು, ಕ್ಯಾರಲ್ ಬಾಗಿಲಿಗೆ ಬೀಗ ಹಾಕಿ, ಲಿಫ್ಟಿನ ಗುಂಡಿ ಒತ್ತಿದ್ದೆವು. ಆಗ ಒಳಗೆ ಫೋನ್ ಬಡಿಯಿತು.

ಕ್ಯಾರಲ್ ಬೀಗದ ಕೈ ಹಿಡಿದು ಹಾಗೇ ನಿಂತಳು. ಆ ನಂಬರಿಗೆ ಕರೆ ಮಾಡುತ್ತಿದ್ದವರು ಇಬ್ಬರೇ ಎಂದು ಕ್ಯಾರಲ್ ಹೇಳಿದ್ದಳು. ಒಬ್ಬಳು ಅವಳು, ಇಲ್ಲಿ ನಿಂತಿದ್ದಾಳೆ. ಫೋನ್ ಬಡಿಯುತ್ತಲೇ ಇತ್ತು. ಲಿಫ್ಟ್ ಬಂದು ಬಾಗಿಲು ತೆರೆಯಿತು.

ಸೆಲಿನ್ ಬಾಯಿ ತಿರುಗಿಯೂ ನೋಡಲಿಲ್ಲ. ಮಗಳ ಸೊಂಟಕ್ಕೆ ಕೈ ಕೊಟ್ಟು ಒಳಗೆ ನಡೆದರು.

"ಅವನು ತಲುಪಿ ಆಯ್ತು," ಎಂದರು. "ಅದು ಬೇರೆ ಯಾರದ್ದೋ. ಬನ್ನಿ ಬಾಯಿ, ಇವಳಿಗೆ ನಿಲ್ಲಲಿಕ್ಕೆ ಆಗುದಿಲ್ಲ."

ಲಿಫ್ಟ್ ಕೆಳಗಿಳಿಯಿತು. ಬಹಳ ಕೆಳಗೆ ಬರುವವರೆಗೂ ಅದು ಬಡಿಯುವುದು ನನಗೆ ಕೇಳುತ್ತಿತ್ತು. ಅವರಿಬ್ಬರೂ ಆಸ್ಪತ್ರೆಗೆ ಯಾವ ಚೀಲ ಒಯ್ಯಬೇಕೆಂದು ಮಾತಾಡುತ್ತಿದ್ದರು.